ನೆಲದ ಚೆಂಡು ಹಿಡಿಯೋದು ಹೇಗೆ? ಬೇಸ್‌ಬಾಲ್ ಪ್ರಾಕ್ಟೀಸ್ ನಮ್ಮ ಕ್ರಿಕೆಟ್ ಹುಡುಗರಿಗೂ ಉಪಯೋಗ

ಶಹಾಪುರ: ಬೇಸಿಗೆ ರಜೆ ಬಂತಂದ್ರೆ ಯಾದಗಿರಿ, ಶಹಾಪುರ, ಸುರಪುರ ಕಡೆ ಟೆನಿಸ್ ಬಾಲ್ ಟೂರ್ನಿಗಳ ಸುಗ್ಗಿ. ಅಂಗಡಿಯವರು ಕಪ್ ಕೊಡ್ತಾರೆ, ಜೆರ್ಸಿ ಕೊಡಿಸ್ತಾರೆ, ಬಹುಮಾನಕ್ಕೆ ಪಟ್ಟಿ ಕೊಡ್ತಾರೆ. ಹುಡುಗರು ಮಾತ್ರ ವಾರಗಟ್ಟಲೆ ಬ್ಯಾಟಿಂಗ್ ಮಾಡಿ, ಫೀಲ್ಡಿಂಗ್ ಪ್ರಾಕ್ಟೀಸ್ ಒಂದು ದಿನವೂ ಮಾಡಲ್ಲ. ಎಂಟು ಓವರಿನ ಮ್ಯಾಚಲ್ಲಿ ಕಾಲ ನಡುವೆ ಹೋದ ಎರಡು ಬೌಂಡರಿ, ಒಂದು ಓವರ್‌ಥ್ರೋ ಆದ್ರೆ ಹತ್ತು ರನ್ ಹೋದಂಗೇ.

ಇದಕ್ಕೆ ಒಳ್ಳೇ ಮದ್ದು ಬೇಸ್‌ಬಾಲ್‌ನಲ್ಲಿದೆ. ಆ ಆಟ ನಮ್ಮ ಕಡೆ ಆಡೋರು ಕಮ್ಮಿ. ಅದರಲ್ಲಿ ನಾಲ್ಕು ಬೇಸ್‌ಗಳ ಆಸುಪಾಸಿನ ಜಾಗಕ್ಕೆ ಇನ್‌ಫೀಲ್ಡ್ ಅಂತಾರೆ. ಒಂದು ಬೇಸ್‌ನಿಂದ ಮುಂದಿನದಕ್ಕೆ 90 ಅಡಿ. ಕ್ರಿಕೆಟ್ ಸರ್ಕಲ್ 30 ಗಜ, ಅದೂ 90 ಅಡಿಯೇ. ಹಾಗಾಗಿ ಅವರ ಪ್ರಾಕ್ಟೀಸ್ ನಮ್ಮ ಪಾಯಿಂಟ್, ಕವರ್, ಮಿಡ್‌ವಿಕೆಟ್ ಹುಡುಗರಿಗೆ ಅಳತೆಯಲ್ಲೇ ಹೊಂದುತ್ತೆ. ಆಸ್ಟ್ರೇಲಿಯಾ ಕ್ರಿಕೆಟ್ ತಂಡ ಅಮೆರಿಕದ ಬೇಸ್‌ಬಾಲ್ ಕೋಚ್ ಮೈಕ್ ಯಂಗ್ ಅವರನ್ನು ಫೀಲ್ಡಿಂಗ್ ಕಲಿಸೋಕೆ ಕರೆಸಿಕೊಂಡಿತ್ತು.

ಲೆಕ್ಕ ನೋಡಿ. ಕ್ರೀಸ್‌ನಿಂದ ಕ್ರೀಸ್‌ಗೆ 58 ಅಡಿ, ಚುರುಕಾದವನು ಸುಮಾರು ಮೂರು ಸೆಕೆಂಡಲ್ಲಿ ಓಡ್ತಾನೆ. ಗಂಟೆಗೆ 72 ಕಿ.ಮೀ. ವೇಗದಲ್ಲಿ ಎಸೆದ ಚೆಂಡು ಸೆಕೆಂಡಿಗೆ 20 ಮೀಟರ್ ಹೋಗುತ್ತೆ. ಸರ್ಕಲ್‌ನಿಂದ ವಿಕೆಟ್‌ಗೆ 27 ಮೀಟರ್ ಚಿಲ್ಲರೆ, ಅಂದ್ರೆ ಒಂದೂವರೆ ಸೆಕೆಂಡಿಗೆ ಸ್ವಲ್ಪ ಕಮ್ಮಿ. ಉಳಿದ ಒಂದೂವರೆ ಸೆಕೆಂಡ್ ಚಿಲ್ಲರೆಯಲ್ಲೇ ಚೆಂಡು ಫೀಲ್ಡರ್ ತನಕ ಬರಬೇಕು, ಅವನು ಹಿಡಿದು ಎಸೀಬೇಕು. ಒಮ್ಮೆ ಕೈ ಜಾರಿದ್ರೆ ರನೌಟ್ ಮರೆತುಬಿಡಿ.

ಮೊದಲ ಪ್ರಾಕ್ಟೀಸ್ ಮೊಣಕಾಲೂರಿ. ಇಬ್ಬರು ನಾಲ್ಕೈದು ಮೀಟರ್ ದೂರದಲ್ಲಿ ಎದುರು ಬದುರು ಕೂತು, ಚೆಂಡು ಉರುಳಿಸಿ ಎರಡೂ ಕೈಲಿ ಹಿಡಿಯೋದು. ಕೈ ದೇಹದ ಮುಂದೆ ಇರಬೇಕು, ಚೆಂಡು ಕೈ ಸೇರೋ ತನಕ ಕಣ್ಣು ಅದರ ಮೇಲೇ. ಮುಖ್ಯ ಏನಂದ್ರೆ, ಕೈ ಮೊದಲೇ ನೆಲ ಮುಟ್ಟಿರಬೇಕು. ಚೆಂಡು ಎದ್ರೆ ಕೈ ಮೇಲೆತ್ತೋದು ಸುಲಭ, ಎತ್ತಿಟ್ಟ ಕೈ ಕೆಳಗಿಳಿಸೋಷ್ಟರಲ್ಲಿ ಚೆಂಡು ಹಿಂದೆ ಹೋಗಿರುತ್ತೆ. ನಮ್ಮ ಮೈದಾನಗಳಲ್ಲಂತೂ ಇದು ಇನ್ನೂ ಬೇಕು. ಬೇಸಿಗೆಗೆ ಎರೆ ನೆಲ ಬಿರುಕು ಬಿಡುತ್ತೆ, ಗರಸಿನ ನೆಲದಲ್ಲಿ ಕಲ್ಲಿಗೆ ತಾಗಿ ಚೆಂಡು ಸೀದಾ ಹಲ್ಲಿಗೇ ಬರುತ್ತೆ.

ಅದಕ್ಕೇ ಎರಡನೇದು, ಶಾರ್ಟ್ ಹಾಪ್. ಜೊತೆಗಾರ ಚೆಂಡನ್ನು ಕೈಗಿಂತ ಒಂದಡಿ ಮುಂದೆ ಪುಟ ಬೀಳೋಹಾಗೆ ಎಸೀಬೇಕು. ಪುಟ ಎದ್ದ ಕ್ಷಣದಲ್ಲೇ ಹಿಡೀಬೇಕು, ಮುಖ ಪಕ್ಕಕ್ಕೆ ತಿರುಗಿಸಬಾರದು. ದಿನಕ್ಕೆ ಮೂವತ್ತು ಸಲ ಸಾಕು. ಬೇಸ್‌ಬಾಲ್‌ನವರಿಗೆ ಗ್ಲೌಸ್ ಇರುತ್ತೆ, ಚೆಂಡೂ 142ರಿಂದ 149 ಗ್ರಾಂ. ನಮ್ಮ ಲೆದರ್ ಬಾಲ್ 156ರಿಂದ 163 ಗ್ರಾಂ, ಹಿಡಿಯೋದು ಬರಿಗೈಲಿ. ಆದ್ದರಿಂದ ಹೊಸಬರು ಮೆತ್ತನೆ ಟೆನಿಸ್ ಬಾಲಲ್ಲೇ ಶುರು ಮಾಡ್ಲಿ.

ಜೊತೆಗಾರ ಇಲ್ದಿದ್ರೆ ಗೋಡೆ ಸಾಕು. ಅಂಗಡಿ ಶಟರ್ ಬೇಡ, ಮಾಲೀಕರು ಮುಂದಿನ ಸಲ ಪಟ್ಟಿ ಕೊಡಲ್ಲ!

ಆಮೇಲೆ ಕಾಲು. ಬೌಲರ್ ಓಡಿ ಬರುವಾಗ ಫೀಲ್ಡರ್ ಎರಡು ಹೆಜ್ಜೆ ಮುಂದೆ ಬರಬೇಕು, ಬ್ಯಾಟಿಗೆ ಚೆಂಡು ತಾಗೋ ಹೊತ್ತಿಗೆ ಮುಂಗಾಲ ಮೇಲೆ ಸಣ್ಣಗೆ ಜಿಗಿದು ನಿಲ್ಲಬೇಕು. ಹಿಮ್ಮಡಿ ಊರಿ, ಸೊಂಟದ ಮೇಲೆ ಕೈ ಇಟ್ಟು ನಿಂತವನಿಗೆ ಮೊದಲ ಹೆಜ್ಜೆಯೇ ತಡ. ಬಲಗೈಯವರು ಹಿಡಿದ ಮೇಲೆ ಎಡ ಭುಜ, ಎಡಗಾಲು ವಿಕೆಟ್ ಕಡೆ ತಿರುಗಿಸಿ ಎಸೀಬೇಕು. 30 ಗಜ ಅಳೆದು ಒಂದೇ ಸ್ಟಂಪ್ ನೆಟ್ಟು, ಒಬ್ಬೊಬ್ಬರೂ ಹದಿನೈದು ಎಸೆತ ಎಸೆದು ಎಷ್ಟು ತಾಗಿತು ಅಂತ ಬರೆದಿಡಿ.

ಓವರ್‌ಥ್ರೋ ತಪ್ಪಿಸೋದು ಎಸೆಯೋನೊಬ್ಬನ ಕೆಲಸ ಅಲ್ಲ. ಬೇಸ್‌ಬಾಲ್‌ನಲ್ಲಿ ಒಬ್ಬ ಎಸೆದ್ರೆ ಇನ್ನೊಬ್ಬ ಬೇಸ್ ಹಿಂದೆ ಓಡಿ ನಿಲ್ತಾನೆ, ಪಿಚರ್ ಕೂಡ. ನಮ್ಮಲ್ಲಿ ಉಳಿದವರು ನಿಂತು ನೋಡ್ತಾರೆ. ಎತ್ತರದ ಕ್ಯಾಚಿಗೆ ಇಬ್ಬರು ಓಡಿದ್ರೆ ಒಬ್ಬ ಜೋರಾಗಿ "ನಂದು" ಅನ್ನಲೇಬೇಕು, ಇನ್ನೊಬ್ಬ ಬಿಟ್ಟುಕೊಡಬೇಕು. ಇಲ್ಲಾಂದ್ರೆ ತಲೆಗೆ ತಲೆ ಡಿಕ್ಕಿ.

ಇದಕ್ಕೆಲ್ಲ ಅರ್ಧ ಗಂಟೆ ಸಾಕು. ಬಿಸಿಲು 40 ಡಿಗ್ರಿ ದಾಟೋ ನಮ್ಮ ಜಿಲ್ಲೆಯಲ್ಲಿ ಬೆಳಗ್ಗೆ ಆರರಿಂದ ಏಳೂವರೆ ಒಳಗೆ ಮುಗಿಸಿ. ಶುರು ಮಾಡೋ ಮುಂಚೆ ಹನ್ನೊಂದು ಜನ ಸಾಲಾಗಿ ನಡೆದು ಮೈದಾನದ ಕಲ್ಲು, ಗಾಜಿನ ಚೂರು ಆರಿಸಿ.