ಪೊಟ್ಟಣದ ಹಿಂದಿನ ಸಣ್ಣ ಅಕ್ಷರಗಳು: ಬೆಕ್ಕಿನ ಆಹಾರ ಕೊಳ್ಳುವ ಮುನ್ನ

ಕೆಲವು ವಾರಗಳ ಹಿಂದೆ ಜುಮಾ ಖುತ್ಬಾದಲ್ಲಿ ನಾವು ಮೂಕ ಪ್ರಾಣಿಗಳ ಹಕ್ಕಿನ ಬಗ್ಗೆ ಮಾತನಾಡಿದ್ದೆವು. ಬೆಕ್ಕೊಂದನ್ನು ಕೂಡಿಹಾಕಿ, ತಿನ್ನಲೂ ಕೊಡದೆ, ಹೊರಗೆ ಹೋಗಿ ನೆಲದ ಹುಳುಹುಪ್ಪಟೆ ತಿಂದು ಬದುಕಲೂ ಬಿಡದೆ ಸಾಯಿಸಿದ ಸ್ತ್ರೀಯೊಬ್ಬಳು ಶಿಕ್ಷೆಗೆ ಗುರಿಯಾದಳೆಂದು ಪ್ರವಾದಿ(ಸ) ತಿಳಿಸಿದ್ದಾರೆ. ಇಬ್ನು ಉಮರ್(ರ) ವರದಿ ಮಾಡಿದ ಈ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ನಮಾಝ್ ಮುಗಿದ ಮೇಲೆ ಮದ್ರಸದ ಐದನೇ ತರಗತಿಯ ಹುಡುಗನೊಬ್ಬ ತಂದೆಯ ಜೊತೆ ಬಂದು ನಿಂತ. ಒಂದು ಕೈಯಲ್ಲಿ ಬೆಕ್ಕಿನ ಆಹಾರದ ಖಾಲಿ ಪೌಚು, ಇನ್ನೊಂದು ಕೈಯಲ್ಲಿ ಹೊರದೇಶದ ಒಂದು ಡಬ್ಬಿ.

"ಉಸ್ತಾದ್, ನಮ್ಮ ಬೆಕ್ಕಿಗೆ ದಿನಾ ಮೂರು ಸಲ ಇದನ್ನೇ ಹಾಕ್ತೇವೆ. ಆದ್ರೂ ಅದು ಸೊರಗ್ತಾ ಉಂಟು. ಡಾಕ್ಟ್ರು, ಪ್ಯಾಕೆಟ್ ಓದಿದ್ದೀರಾ ಅಂತ ಕೇಳಿದ್ರು. ಮತ್ತೆ ಈ ಡಬ್ಬಿ ಮಾಮ ಲಂಡನ್ನಿಂದ ತಂದದ್ದು. ಇದು ಹಲಾಲಾ?"

ಎರಡು ಪ್ರಶ್ನೆಗಳು. ಎರಡಕ್ಕೂ ಉತ್ತರ ಪೊಟ್ಟಣದ ಹಿಂಭಾಗದಲ್ಲೇ ಇತ್ತು. ಪೌಚಿನ ಮುಂದೆ ಕೆಂಪು ಮೀನಿನ ಹೋಳುಗಳ ಚಂದದ ಚಿತ್ರ. ಹಿಂದೆ, ಇರುವೆ ಸಾಲಿನಂಥ ಅಕ್ಷರಗಳ ಕೊನೆಯಲ್ಲಿ, ಇದು 'ಕಾಂಪ್ಲಿಮೆಂಟರಿ' ಆಹಾರ ಎಂಬ ಒಂದು ಮಾತು. ಅಂದರೆ ಪೂರ್ಣ ಊಟವಲ್ಲ, ಊಟದ ಜೊತೆಗೆ ಕೊಡಬಹುದಾದ ತಿಂಡಿ. ಆ ಮನೆಯವರು ಪ್ರೀತಿಯಿಂದಲೇ, ದುಡ್ಡು ಖರ್ಚು ಮಾಡಿಯೇ, ತಿಂಗಳುಗಟ್ಟಲೆ ಬೆಕ್ಕಿಗೆ ಬರೀ ತಿಂಡಿಯನ್ನೇ ಕೊಟ್ಟಿದ್ದರು.

ಇದು ಅಷ್ಟು ದೊಡ್ಡ ವಿಷಯವೇ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಬಾಲ್ಯದಲ್ಲಿ ಬೆಕ್ಕಿಗೆ ಬೂತಾಯಿ ಮೀನಿನ ತಲೆ, ಒಂದು ಹಿಡಿ ಅನ್ನ ಸಾಕಿತ್ತು. ನಿಜ, ಆದರೆ ಆ ಬೆಕ್ಕು ರಾತ್ರಿಯಿಡೀ ಹಿತ್ತಿಲಲ್ಲಿ ಇಲಿ, ಓತಿಕ್ಯಾತ ಹಿಡಿಯುತ್ತಿತ್ತು. ನಾವು ಕೊಟ್ಟದ್ದರಲ್ಲಿ ಏನು ಕೊರತೆಯಿತ್ತೋ ಅದನ್ನು ತಾನೇ ತುಂಬಿಕೊಳ್ಳುತ್ತಿತ್ತು. ಆ ಹದೀಸನ್ನು ಗಮನವಿಟ್ಟು ನೋಡಿ. ಆ ಸ್ತ್ರೀಯ ತಪ್ಪು ಎರಡು: ತಾನೂ ಕೊಡಲಿಲ್ಲ, ಹುಡುಕಿಕೊಳ್ಳಲೂ ಬಿಡಲಿಲ್ಲ. ಇಂದು ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ, ಬಾಲ್ಕನಿಗೆ ಬಲೆ ಕಟ್ಟಿ ಬೆಕ್ಕು ಸಾಕುವಾಗ ಎರಡನೆಯ ಬಾಗಿಲನ್ನು ನಾವೇ ಮುಚ್ಚಿದ್ದೇವೆ. ಆದ್ದರಿಂದ ಮೊದಲನೆಯ ಹೊಣೆ ಪೂರ್ತಿಯಾಗಿ ನಮ್ಮ ಮೇಲೆ ಬರುತ್ತದೆ. ತಟ್ಟೆಯಲ್ಲಿ ಇಲ್ಲದ್ದು ಅದಕ್ಕೆ ಬೇರೆಲ್ಲೂ ಸಿಗದು.

ಬೆಕ್ಕು ಮಾಂಸವಿಲ್ಲದೆ ಬದುಕಲಾರದ ಪ್ರಾಣಿ. ಟಾರಿನ್ ಎಂಬ ಒಂದು ಸತ್ವವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು. ಮಾಂಸ, ಮೀನಿನಿಂದಲೇ ಸಿಗಬೇಕು. ಅದರ ಕೊರತೆಯಿಂದ ಬೆಕ್ಕಿನ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆಂದು 1975ರಲ್ಲೇ ಸಂಶೋಧಕರು ತೋರಿಸಿದ್ದರು. 1987ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು ಇನ್ನೊಂದು ಸಂಗತಿ ಹೊರತಂದರು: ಹೃದಯದ ಸ್ನಾಯು ತೆಳ್ಳಗಾಗಿ ಹಿಗ್ಗಿ ಸಾಯುತ್ತಿದ್ದ ಅನೇಕ ಬೆಕ್ಕುಗಳಿಗೆ ಇದ್ದದ್ದು ಇದೇ ಕೊರತೆ, ಟಾರಿನ್ ಕೊಟ್ಟರೆ ಹೃದಯ ಚೇತರಿಸಿಕೊಳ್ಳುತ್ತದೆ. ಅವು ಬೀದಿ ಬೆಕ್ಕುಗಳಲ್ಲ, ಅಂಗಡಿಯ ಆಹಾರ ತಿಂದು ಬೆಳೆದ ಸಾಕುಬೆಕ್ಕುಗಳು. ಆಮೇಲೆ ತಯಾರಕರು ಆಹಾರದಲ್ಲಿ ಟಾರಿನ್ ಪ್ರಮಾಣ ಹೆಚ್ಚಿಸಿದರು.

ಹಾಗಾಗಿ ಪೊಟ್ಟಣ ತಿರುಗಿಸಿದೊಡನೆ ಮೊದಲು ಹುಡುಕಬೇಕಾದ ಮಾತು 'ಕಂಪ್ಲೀಟ್' ಅಥವಾ 'ಕಂಪ್ಲೀಟ್ ಆ್ಯಂಡ್ ಬ್ಯಾಲೆನ್ಸ್ಡ್', ಅಂದರೆ ಇದೊಂದನ್ನೇ ಕೊಟ್ಟರೂ ಸಾಕಾಗುವ ಆಹಾರ. ಅದರ ಜೊತೆಗೆ ಮರಿಗೋ, ದೊಡ್ಡ ಬೆಕ್ಕಿಗೋ ಎಂಬುದನ್ನೂ ನೋಡಿ. ಅಮೆರಿಕದ ಪಶು ಆಹಾರ ನಿಯಂತ್ರಣಾಧಿಕಾರಿಗಳ ಸಂಘ ಆಫ್ಕೋ. ಅದರ ಲೆಕ್ಕದಲ್ಲಿ ನೀರು ಕಳೆದು ಉಳಿದ ಭಾಗದಲ್ಲಿ ದೊಡ್ಡ ಬೆಕ್ಕಿಗೆ ಕನಿಷ್ಠ ಶೇ. 26, ಮರಿಗೆ ಹಾಗೂ ಗಬ್ಬದ ಬೆಕ್ಕಿಗೆ ಶೇ. 30 ಪ್ರೋಟೀನ್ ಇರಬೇಕು. 'ಕಾಂಪ್ಲಿಮೆಂಟರಿ', 'ಸಪ್ಲಿಮೆಂಟಲ್', 'ಟ್ರೀಟ್' ಎಂದಿದ್ದರೆ ಅದು ವಾರಕ್ಕೊಮ್ಮೆಯ ಸಂತೋಷಕ್ಕೆ ಮಾತ್ರ. ಬಿಳಿ ಮೀನಿನ ಎಳೆಗಳು ಸಾರಿನಲ್ಲಿ ತೇಲುವ, ನೋಡಲು ಅತಿ ಶುದ್ಧವಾಗಿ ಕಾಣುವ ದುಬಾರಿ ಡಬ್ಬಿಗಳಲ್ಲೂ ಹಲವು ಈ ಜಾತಿಯವು. ದುಬಾರಿಯಾದದ್ದೆಲ್ಲ ಪೂರ್ಣವೆಂದು ತಿಳಿಯಬೇಡಿ.

ಎರಡನೆಯದು ಹೆಸರು. ಮುಂಭಾಗದ ದೊಡ್ಡ ಹೆಸರಿನಲ್ಲಿ ಒಂದೊಂದು ಸಣ್ಣ ಪದಕ್ಕೂ ಬೆಲೆಯಿದೆ. ಅಮೆರಿಕದ ನಿಯಮದಂತೆ 'ಬೆಕ್ಕಿಗೆ ಟ್ಯೂನಾ' ಎಂದಷ್ಟೇ ಬರೆಯಬೇಕಾದರೆ, ಸೇರಿಸಿದ ನೀರು ಬಿಟ್ಟು ಶೇ. 95ರಷ್ಟು ಟ್ಯೂನಾ ಇರಬೇಕು. 'ಟ್ಯೂನಾ ಡಿನ್ನರ್' ಎಂದರೆ ಶೇ. 25 ಸಾಕು. 'ವಿತ್ ಟ್ಯೂನಾ' ಎಂದರೆ ಶೇ. 3. 'ಟ್ಯೂನಾ ಫ್ಲೇವರ್' ಎಂದರೆ ರುಚಿ ಗೊತ್ತಾಗುವಷ್ಟಿದ್ದರೆ ಮುಗಿಯಿತು. ಯುರೋಪಿನಲ್ಲಿ 'ವಿತ್' ಎನ್ನಲು ಶೇ. 4 ಬೇಕು. ನಮ್ಮೂರಿನ ಅಂಗಡಿಯ ಪ್ರತಿಯೊಂದು ಪೌಚೂ ಇದೇ ನಿಯಮಕ್ಕೆ ಬದ್ಧವೆಂದು ಇದರರ್ಥವಲ್ಲ. ಆದರೆ ಈ ಪದಗಳು ಅಲ್ಲಿಂದಲೇ ಬಂದವು, 'ವಿತ್' ಕಂಡಾಗ ಹಿಂದೆ ತಿರುಗಿಸಿ ನೋಡುವ ಅಭ್ಯಾಸ ಒಳ್ಳೆಯದು.

ಹಿಂದೆ ಇರುವ ಪದಾರ್ಥಗಳ ಪಟ್ಟಿಯನ್ನು ಸಾಮಾನ್ಯವಾಗಿ ತೂಕದ ಕ್ರಮದಲ್ಲಿ ಬರೆಯುತ್ತಾರೆ. ಮೊದಲ ಮೂರು ನಾಲ್ಕು ಸ್ಥಾನಗಳಲ್ಲಿ ಮಾಂಸ ಅಥವಾ ಮೀನಿನ ಹೆಸರು ಸ್ಪಷ್ಟವಾಗಿ ಇರಬೇಕು: ಕೋಳಿ, ಟ್ಯೂನಾ, ಕೋಳಿಯ ಲಿವರ್ ಹೀಗೆ. ಬರೀ 'ಮೀಟ್' ಎಂದಿದ್ದರೆ ಯಾವ ಪ್ರಾಣಿಯದ್ದೆಂದು ತಿಳಿಯದು. ಗೋಧಿಯ ಗ್ಲುಟೆನ್, ಸೋಯಾ, ಮೆಕ್ಕೆಜೋಳದ ಪಿಷ್ಟ, ಅಕ್ಕಿ ಎಂದು ನಾಲ್ಕು ತುಂಡಾಗಿ ಬರೆದಾಗ ಒಂದೊಂದೂ ಕೆಳಗಿಳಿದು ಮಾಂಸ ಮೇಲೆ ನಿಂತಂತೆ ಕಾಣುತ್ತದೆ. ಕೂಡಿಸಿದರೆ ಲೆಕ್ಕವೇ ಬೇರೆ. 'ಬೈ-ಪ್ರಾಡಕ್ಟ್' ಎಂಬ ಪದಕ್ಕೆ ಮಾತ್ರ ಅನೇಕರು ಅನ್ಯಾಯ ಮಾಡುತ್ತಾರೆ. ಅದು ಬಹುಪಾಲು ಲಿವರ್, ಶ್ವಾಸಕೋಶ, ಗುಲ್ಮದಂಥ ಒಳಭಾಗಗಳು. ಬೋಟಿ, ಪಾಯ ಬಾಯಿ ಚಪ್ಪರಿಸಿ ತಿನ್ನುವ ನಾವು ಬೆಕ್ಕಿನ ಪಾಲಿಗೆ ಬಂದಾಗ ಮುಖ ಸಿಂಡರಿಸುವುದೇಕೆ? ಹೆಸರು ಹೇಳಿದ ಪ್ರಾಣಿಯ ಒಳಭಾಗವಾದರೆ ಅದು ಒಳ್ಳೆಯ ಆಹಾರವೇ.

ಇನ್ನು ಅಂಕಿಗಳು. ಒದ್ದೆ ಆಹಾರದ ಪೌಚಿನಲ್ಲಿ ಪ್ರೋಟೀನ್ ಶೇ. 9 ಎಂದೂ ಒಣ ಆಹಾರದ ಚೀಲದಲ್ಲಿ ಶೇ. 30 ಎಂದೂ ಕಂಡು, ಒಣದ್ದೇ ಮೇಲೆಂದು ಕೊಂಡೊಯ್ಯುವವರಿದ್ದಾರೆ. ನಡುವೆ ನೀರು ಇರುವುದನ್ನು ಮರೆಯುತ್ತಾರೆ. ಪೌಚಿನಲ್ಲಿ 'ಮಾಯಿಶ್ಚರ್' ಶೇ. 82 ಎಂದಿದ್ದರೆ ನೂರು ಗ್ರಾಮಿನಲ್ಲಿ ಗಟ್ಟಿ ಪದಾರ್ಥ 18 ಗ್ರಾಂ. ಅದರಲ್ಲಿ 9 ಗ್ರಾಂ ಪ್ರೋಟೀನ್, ಅಂದರೆ ಅರ್ಧಕ್ಕರ್ಧ, ಶೇ. 50. ಒಣ ಆಹಾರದಲ್ಲಿ ನೀರು ಶೇ. 10 ಆದರೆ ಗಟ್ಟಿ 90 ಗ್ರಾಂ, ಪ್ರೋಟೀನ್ 30, ಸುಮಾರು ಶೇ. 33 ಆಯಿತು. ಇದೇ ರೀತಿ ಪಿಷ್ಟವನ್ನೂ ಅಂದಾಜು ಮಾಡಬಹುದು. ಅದೇ ಪೌಚಿನಲ್ಲಿ ಪ್ರೋಟೀನ್ 9, ಕೊಬ್ಬು 2.5, ನಾರು 1, ಬೂದಿ 2, ನೀರು 82, ಕೂಡಿಸಿದರೆ 96.5. ನೂರಕ್ಕೆ ಉಳಿದ 3.5 ಹೆಚ್ಚುಕಡಿಮೆ ಪಿಷ್ಟ, ಗಟ್ಟಿ ಭಾಗದ ಶೇ. 19. ಬೂದಿ ಎಂದರೆ ಒಲೆಯ ಬೂದಿಯಲ್ಲ, ಖನಿಜಾಂಶ. ಮುದ್ರಿಸಿದ ಅಂಕಿಗಳು ಕನಿಷ್ಠ, ಗರಿಷ್ಠ ಮಿತಿಗಳಾದ್ದರಿಂದ ಇದು ಕರಾರುವಾಕ್ಕಲ್ಲ, ಎರಡು ಪೌಚುಗಳನ್ನು ಪಕ್ಕಪಕ್ಕ ಇಟ್ಟು ತೂಗಲು ಸಾಕು.

ಬೆಲೆ ನೋಡುವಾಗ ನೀರನ್ನು ಇನ್ನೊಮ್ಮೆ ಲೆಕ್ಕಕ್ಕೆ ತನ್ನಿ. 80 ಗ್ರಾಮಿನ ಎರಡು ಪೌಚು, ಎರಡಕ್ಕೂ 40 ರೂಪಾಯಿ ಎಂದಿಟ್ಟುಕೊಳ್ಳಿ. ನೀರು ಶೇ. 82 ಇರುವುದರಲ್ಲಿ ಗಟ್ಟಿ ಪದಾರ್ಥ 14.4 ಗ್ರಾಂ, ಶೇ. 87 ಇರುವುದರಲ್ಲಿ 10.4 ಗ್ರಾಂ. ಹಾಗೆಂದು ನೀರು ಮೋಸವಲ್ಲ. ಬೆಕ್ಕಿನ ಪೂರ್ವಜರು ಒಣನಾಡಿನ ಕಾಡುಬೆಕ್ಕುಗಳು; ತಾನಾಗಿ ನೀರು ಕುಡಿಯುವ ಅಭ್ಯಾಸ ಬೆಕ್ಕಿಗೆ ಕಡಿಮೆ. ಮೂತ್ರದ ತೊಂದರೆಯಿರುವ ಬೆಕ್ಕಿಗೆ ವೈದ್ಯರು ಒದ್ದೆ ಆಹಾರವನ್ನೇ ಹೇಳುವುದು ಇದಕ್ಕಾಗಿ. ನಾಲ್ಕು ಕಿಲೋ ತೂಗುವ ಬೆಕ್ಕಿಗೆ ದಿನಕ್ಕೆ ಸುಮಾರು 200ರಿಂದ 250 ಕಿಲೋ ಕ್ಯಾಲೊರಿ ಬೇಕು. ಪೌಚಿನ ಮೇಲೆ ಕ್ಯಾಲೊರಿ ಬರೆದಿದ್ದರೆ ಭಾಗಿಸಿ ನೋಡಿ. ಒಂದೇ ಪೌಚಿನಲ್ಲಿ ದಿನ ಕಳೆಯದೆಂದು ಆಗ ತಿಳಿಯುತ್ತದೆ.

ಪ್ರವಾದಿ(ಸ) ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿದರು. ಮೇಲೆ ಒಣಗಿತ್ತು, ಒಳಗೆ ಬೆರಳಿಗೆ ತೇವ ತಾಗಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದಾಗ, ಜನರಿಗೆ ಕಾಣುವಂತೆ ಅದನ್ನು ಮೇಲೇಕೆ ಇಡಲಿಲ್ಲವೆಂದು ಕೇಳಿ, ವಂಚಿಸುವವನು ತನ್ನವನಲ್ಲವೆಂದು ಎಚ್ಚರಿಸಿದರು. ಅಬೂ ಹುರೈರಾ(ರ)ರಿಂದ ಮುಸ್ಲಿಮ್ ಇದನ್ನು ವರದಿ ಮಾಡಿದ್ದಾರೆ. ಮುಚ್ಚಿ ಅಂಟಿಸಿದ ಪೌಚಿನೊಳಗೆ ನಾವು ಕೈಹಾಕಲಾರೆವು. ಲೇಬಲನ್ನೇ ನೆಚ್ಚಬೇಕು, ಲೇಬಲು ಸುಳ್ಳು ಹೇಳಿದರೆ ಏನಾದೀತೆಂಬುದಕ್ಕೆ 2007ರ ಘಟನೆ ಸಾಕ್ಷಿ. ಆ ವರ್ಷ ಅಮೆರಿಕದಲ್ಲಿ ಬೆಕ್ಕು, ನಾಯಿಗಳು ಮೂತ್ರಪಿಂಡ ಕೆಟ್ಟು ಸಾಯತೊಡಗಿದವು. ಚೀನಾದಿಂದ ಬಂದ ಗೋಧಿ ಗ್ಲುಟೆನ್‌ಗೆ ಪ್ಲಾಸ್ಟಿಕ್ ತಯಾರಿಕೆಯಲ್ಲಿ ಬಳಸುವ ಮೆಲಮೈನ್ ಬೆರೆಸಿದ್ದರು. ಪ್ರಯೋಗಾಲಯದಲ್ಲಿ 'ಕ್ರೂಡ್ ಪ್ರೋಟೀನ್' ಅಳೆಯುವುದು ಸಾರಜನಕ ಎಷ್ಟಿದೆ ಎಂದು ನೋಡಿ. ಮೆಲಮೈನ್‌ನಲ್ಲಿ ಸಾರಜನಕ ಹೇರಳ. ಕಾಗದದ ಮೇಲೆ ಪ್ರೋಟೀನ್ ಏರಿತು, ಒಳಗೆ ವಿಷ ಸೇರಿತು. ಮೊದಲ ಸುತ್ತಿನಲ್ಲೇ ಸುಮಾರು 6 ಕೋಟಿ ಡಬ್ಬಿ, ಪೌಚುಗಳನ್ನು ಹಿಂದಕ್ಕೆ ತರಿಸಿಕೊಳ್ಳಬೇಕಾಯಿತು. ಅಂದಿನಿಂದ ನಮಗೆ ಅನ್ನಿಸುವುದು, ಪ್ರೋಟೀನಿನ ಅಂಕಿಯೊಂದನ್ನೇ ನಂಬದೆ ಅದು ಯಾವುದರಿಂದ ಬಂತೆಂಬುದನ್ನು ಪಟ್ಟಿಯಲ್ಲಿ ನೋಡಬೇಕು. ತಯಾರಕರ ಪೂರ್ಣ ವಿಳಾಸ, ಬ್ಯಾಚ್ ಸಂಖ್ಯೆ, ದಿನಾಂಕ ಇಲ್ಲದ್ದನ್ನು ಕೊಳ್ಳಲೇಬೇಡಿ.

ಈಗ ಲಂಡನ್ನಿನ ಡಬ್ಬಿ. ಮುಂದೆ 'ವಿತ್ ರ‍್ಯಾಬಿಟ್' ಎಂದಿತ್ತು. ಮೊಲ ನಮಗೆ ಹಲಾಲ್ ಆದ ಪ್ರಾಣಿಯೆಂದು ಹುಡುಗನ ತಂದೆಗೆ ಸಮಾಧಾನ. ಹಿಂದೆ 'ಮೀಟ್ ಆ್ಯಂಡ್ ಅನಿಮಲ್ ಡೆರಿವೇಟಿವ್ಸ್, ಅದರಲ್ಲಿ ಮೊಲ ಶೇ. 4' ಎಂದಿತ್ತು. ಉಳಿದ ಮಾಂಸ ಯಾರದ್ದು? ಆ ಪದದೊಳಗೆ ಹಂದಿಯೂ ಸೇರಬಹುದು, ಅಲ್ಲಿನ ಕಾನೂನು ಬೇರೆ ಬೇರೆಯಾಗಿ ಹೆಸರಿಸಬೇಕೆಂದು ಕಡ್ಡಾಯ ಮಾಡುವುದಿಲ್ಲ. ಕೆಲವು ಡಬ್ಬಿಗಳಲ್ಲಿ 'ಪೋರ್ಕ್ ಲಿವರ್' ಎಂದು ನೇರವಾಗಿಯೇ ಇರುತ್ತದೆ. 'ಜೆಲಟಿನ್' ಹಂದಿಯದ್ದಾಗಿರಬಹುದು. 'ಪ್ಲಾಸ್ಮಾ' ಎಂದರೆ ರಕ್ತದಿಂದ ತೆಗೆದದ್ದು. ಗುವಾರ್ ಗಮ್, ಕ್ಯಾರಜೀನನ್ ಮಾತ್ರ ಸಸ್ಯಮೂಲದವು.

ಬೆಕ್ಕಿಗೆ ಹಲಾಲ್, ಹರಾಮಿನ ವಿಧಿಯಿಲ್ಲ, ಅದು ಇಲಿಯನ್ನೂ ತಿನ್ನುತ್ತದೆ. ವಿಧಿಯಿರುವುದು ನಮ್ಮ ಕೈಗೆ, ನಮ್ಮ ದುಡ್ಡಿಗೆ. ಶವ, ಹಂದಿ ಇವುಗಳ ಮಾರಾಟವನ್ನು ಅಲ್ಲಾಹನು ಮತ್ತು ಅವನ ಸಂದೇಶವಾಹಕರು ನಿಷೇಧಿಸಿದ್ದಾರೆಂದು ಜಾಬಿರ್(ರ) ವರದಿ ಮಾಡಿದ್ದಾರೆ. ಆದ್ದರಿಂದ ಹಂದಿಯಿದೆಯೆಂದು ತಿಳಿದ ಡಬ್ಬಿಯನ್ನು ಕೊಳ್ಳಬಾರದು. ಝಬಹ್ ಆಗದ ಕೋಳಿಯ ಆಹಾರ, ಅನುಮಾನದ ಡಬ್ಬಿ ಇವುಗಳ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಇದೆ. ನಾವು ಹೇಳುವ ಸುಲಭ ದಾರಿ ಮೀನಿನದ್ದು, ಮೀನಿಗೆ ಝಬಹ್ ಬೇಕಿಲ್ಲ. ಆದರೆ ಮೀನಿನ ಚಿತ್ರವಿದ್ದರೂ ಒಳಗೆ ಕೋಳಿ ಇರುವುದುಂಟು, ಪಟ್ಟಿ ಓದಿ.

ಬೆಕ್ಕಿನ ಬಾಯಿ ನಜಸ್ ಅಲ್ಲ. ವುಝೂವಿನ ನೀರಿಗೆ ಬಾಯಿ ಹಾಕಲು ಬಂದ ಬೆಕ್ಕಿಗೆ ಅಬೂ ಕತಾದಾ(ರ) ಪಾತ್ರೆಯನ್ನೇ ಓರೆಮಾಡಿ ಹಿಡಿದಿದ್ದರು. ಅದು ನಿಮ್ಮ ಸುತ್ತ ಸುಳಿದಾಡುವ ಜೀವಿ ಎಂಬ ಪ್ರವಾದಿ(ಸ)ಯವರ ಮಾತನ್ನು ಸೊಸೆಗೆ ನೆನಪಿಸಿದ್ದರು. ಹನಫೀ ವಿದ್ವಾಂಸರು ಆ ನೀರಿನಿಂದ ವುಝೂ ಮಾಡುವುದನ್ನು ಮಕ್ರೂಹ್ ಎಂದಿದ್ದಾರೆ, ಅಷ್ಟೇ. ಆದರೆ ಹಂದಿಮಾಂಸ ಬಿದ್ದ ತಟ್ಟೆಯನ್ನು ಶಾಫಿಈ ಮದ್‌ಹಬ್‌ನಂತೆ ಏಳು ಸಲ, ಅದರಲ್ಲಿ ಒಮ್ಮೆ ಮಣ್ಣು ಸೇರಿಸಿ ತೊಳೆಯಬೇಕು. ಡಬ್ಬಿಯ ಸೀಲು ಒಡೆದಿರಲಿಲ್ಲವಾದ್ದರಿಂದ ಆ ಮನೆಯವರಿಗೆ ಆ ಕೆಲಸ ತಪ್ಪಿತು.

ಹೊಸ ಆಹಾರಕ್ಕೆ ಒಮ್ಮೆಲೇ ಬದಲಿಸಬೇಡಿ. ಏಳರಿಂದ ಹತ್ತು ದಿನ ಹಳೆಯದರ ಜೊತೆ ಸ್ವಲ್ಪ ಸ್ವಲ್ಪ ಬೆರೆಸಿ. ಬಿರಿಯಾನಿಯ ಮಾಂಸವನ್ನು ಕನಿಕರದಿಂದ ಹಾಕುವವರು ಗಮನಿಸಿ, ನೀರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ಒಡೆಯುತ್ತವೆ.

ಮುಂದಿನ ಶುಕ್ರವಾರ ಹುಡುಗ ಮತ್ತೆ ಬಂದ. ಹೊಸ ಪೌಚಿನ ಹಿಂದೆ ಪೆನ್ನಿನಲ್ಲಿ ಲೆಕ್ಕ ಮಾಡಿದ್ದ. 9ನ್ನು 18ರಿಂದ ಭಾಗಿಸುವ ಬದಲು 82ರಿಂದ ಭಾಗಿಸಿದ್ದ, ತಿದ್ದಿ ಕೊಟ್ಟೆವು. 'ಕಂಪ್ಲೀಟ್' ಎಂಬ ಪದಕ್ಕೆ ಅಡಿಗೆರೆ ಎಳೆದಿದ್ದ. ಬೆಕ್ಕು ಇನ್ನೂ ಪೂರ್ತಿ ಚೇತರಿಸಿಲ್ಲ, ತಿಂಗಳ ಕೊನೆಗೆ ಮತ್ತೊಮ್ಮೆ ತೋರಿಸಲು ಪಶುವೈದ್ಯರು ಹೇಳಿದ್ದಾರಂತೆ.