ಹಸುವಿಗೂ ಕೃತಕ ಕಾಲು ಹಾಕಬಹುದೇ?

ಹಾಕಬಹುದು, ಆದರೆ ಮಂಡಿಯ ಕೆಳಗೆ ಸಾಕಷ್ಟು ಮೋಟು ಉಳಿದಿರಬೇಕು. 1968ರಲ್ಲಿ ಮನುಷ್ಯರಿಗಾಗಿ ‘ಜೈಪುರ ಪಾದ’ ರೂಪುಗೊಂಡ ಊರಿನಲ್ಲೇ ಪಶುವೈದ್ಯ ಡಾ. ತಪೇಶ್ ಮಾಥುರ್ ಕೃಷ್ಣ ಎಂಬ ಕರುವಿಗೆ ಕಾಲು ಜೋಡಿಸಿದರು. ಅದರಿಂದಲೇ ‘ಕೃಷ್ಣ ಲಿಂಬ್’ ಎಂಬ ಹೆಸರು. ಮೋಟಿನ ಅಚ್ಚು ತೆಗೆದು, ಅದರ ಅಳತೆಗೆ ಗೂಡು ಮಾಡಿ, ಒಳಗೆ ಮೆತ್ತೆ ಕೊಟ್ಟು ಪಟ್ಟಿಯಿಂದ ಬಿಗಿಯುತ್ತಾರೆ.

ನಾಯಿ, ಬೆಕ್ಕು ಹಗುರ. ಮೂರು ಕಾಲಿನಲ್ಲೇ ಓಡಾಡಿಕೊಂಡಿರುತ್ತವೆ. ಹಿಂಗಾಲು ಸ್ವಾಧೀನ ತಪ್ಪಿದ ನಾಯಿಗೆ ಪಿವಿಸಿ ಪೈಪಿನ ಎರಡು ಚಕ್ರದ ಗಾಡಿಯೂ ಆದೀತು. ಹಸುವಿನ ಕಷ್ಟ ಬೇರೆ. ಮೈಭಾರ ನೂರಾರು ಕಿಲೋ, ಮೇಲಾಗಿ ದಿನಕ್ಕೆ ಹಲವು ಬಾರಿ ಮಲಗಿ ಏಳಬೇಕು. ಒಂದೇ ಮಗ್ಗುಲಿಗೆ ಬಹಳ ಹೊತ್ತು ಬಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. ಮೋಟು ಉಜ್ಜಿ ಹುಣ್ಣಾದರೆ ನೊಣ ಕೂತು ಹುಳು ಬೀಳುತ್ತದೆ. ನಿತ್ಯ ಬಿಚ್ಚಿ, ತೊಳೆದು, ಒಣಗಿಸಿ ಕಟ್ಟುವ ಆರೈಕೆಯೇ ಇಲ್ಲಿ ಅರ್ಧ ಚಿಕಿತ್ಸೆ. ಅದಕ್ಕೆ ಆಳಿಲ್ಲದ ಮನೆಯವರು ಈ ಯೋಚನೆ ಬಿಡುವುದೇ ಲೇಸು.

ಗೊರಸಿಗೆ ಆಸರೆ ಕೊಡುವುದಂತೂ ಹಳೆಯ ರೂಢಿ. ಎತ್ತಿಗೆ ಲಾಳ ಕಟ್ಟುವುದು ಅದಕ್ಕೇ. ಸೀಳುಗೊರಸಿನ ಒಂದು ಭಾಗ ನೊಂದಾಗ ಇನ್ನೊಂದಕ್ಕೆ ಮರದ ತುಂಡು ಅಂಟಿಸಿ, ನೊಂದದ್ದರ ಮೇಲಿನ ಭಾರ ತಪ್ಪಿಸುವ ಕ್ರಮವೂ ಇದೆ.

ಕೃತಕ ಕಾಲಿನ ಎತ್ತು ಹಟ್ಟಿಯಲ್ಲಿ ಓಡಾಡೀತು, ನೇಗಿಲು ಎಳೆಯದು. ಕಾಲು ಮುರಿದೊಡನೆ ದನ ಸಾಕಿದವರು 1962 ಪಶು ಸಹಾಯವಾಣಿಗೆ ಕರೆ ಮಾಡಿ ಪಶುವೈದ್ಯರನ್ನು ಕರೆಸಿಕೊಳ್ಳಲಿ.