ಲಾರಿಯ ಸ್ಟೆಪ್ನಿ

ಲಾರಿಯಲ್ಲಿ ಹೆಚ್ಚುವರಿಯಾಗಿ ಒಯ್ಯುವ ಚಕ್ರವನ್ನು ಚಾಲಕರು ‘ಸ್ಟೆಪ್ನಿ’ ಎಂದು ಕರೆಯುವುದನ್ನು ತಾವು ಕೇಳಿರಬಹುದು. ಇದು ಮೂಲತಃ ಒಂದು ಬೀದಿಯ ಹೆಸರು. ವೇಲ್ಸ್ ನಾಡಿನ ಲನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಲ್ಲಿ ಥಾಮಸ್ ಮಾರಿಸ್ ಡೇವಿಸ್ ಎಂಬಾತನು 1904ರಲ್ಲಿ ಇಂಥ ಚಕ್ರವನ್ನು ಸಿದ್ಧಪಡಿಸಿದನು. ಅಂದಿನ ಮೋಟಾರುಗಳಲ್ಲಿ ಬದಲಿ ಚಕ್ರವಿರುತ್ತಿರಲಿಲ್ಲ. ಟೈರು ತೂತಾದರೆ ದಾರಿಯಲ್ಲಿಯೇ ಕುಳಿತು ತೇಪೆ ಹಾಕಬೇಕಾಗಿತ್ತು. ಡೇವಿಸನು ಕಡ್ಡಿಗಳಿಲ್ಲದ ಬಳೆಯೊಂದಕ್ಕೆ ಗಾಳಿ ತುಂಬಿದ ಟೈರನ್ನು ತೊಡಿಸಿ, ಅದನ್ನು ಕೆಟ್ಟ ಚಕ್ರಕ್ಕೆ ಬಿಗಿಯುವ ಉಪಾಯವನ್ನು ಕಂಡುಹಿಡಿದನು. ಆ ಬಗೆಯ ಚಕ್ರ ಮರೆಯಾಯಿತು, ಹೆಸರು ಮಾತ್ರ ನಮ್ಮಲ್ಲಿ ಉಳಿಯಿತು. ಅನ್ಯದೇಶ್ಯ ಪದಗಳ ಪಾಠ ಹೇಳುವ ನನ್ನಂಥವರಿಗೆ ಇದು ಒಳ್ಳೆಯ ಉದಾಹರಣೆ.

ಹೆಸರಿನ ಮಾತು ಅಂತಿರಲಿ. ತಮ್ಮಲ್ಲಿ ಕೆಲವರ ಮನೆಗಳಲ್ಲಿ ಲಾರಿಯೂ ಇದ್ದೀತು. ಅದರ ಸ್ಟೆಪ್ನಿಯನ್ನು ಕಡೆಯ ಸಲ ನೋಡಿದ್ದು ಯಾವಾಗ? ಬಹುಮಟ್ಟಿಗೆ ಅದು ಗಾಡಿಯ ಅಡಿಯಲ್ಲಿ ಸರಪಳಿಗೆ ತೂಗುಬಿದ್ದು, ಕೆಸರು ನೀರನ್ನು ಕುಡಿಯುತ್ತಿರುತ್ತದೆ. ಸರಪಳಿ ತುಕ್ಕು ಹಿಡಿದು ಹರಿದರೆ ಸುಮಾರು 100 ಕಿಲೋ ಭಾರದ ಚಕ್ರ ಹಿಂದೆ ಬರುವ ಸೈಕಲ್ಲಿನವನ ಮುಂದೆ ಬೀಳುತ್ತದೆ. ಆದುದರಿಂದ ಸರಪಳಿಗೆ ಎಣ್ಣೆ ಹಾಕಿಸಬೇಕು.

ಇನ್ನು ಗಾಳಿ. ಕ್ಲೀನರ್ ಹುಡುಗನು ಸರಳಿನಿಂದ ಬಡಿದು, ಸದ್ದು ಕೇಳಿ ‘ಗಾಳಿ ಇದೆ’ ಎನ್ನುತ್ತಾನೆ. ಟೈರು ಪೂರ್ತಿ ಖಾಲಿಯಾಗಿಲ್ಲವೆಂಬುದಷ್ಟೇ ಇದರಿಂದ ತಿಳಿಯುವುದು. 60 ಪೌಂಡಿಗೂ 100 ಪೌಂಡಿಗೂ ಇರುವ ಅಂತರವನ್ನು ಕಿವಿ ಹೇಳಲಾರದು. ಹಿಂದಿನ ಜೋಡಿ ಚಕ್ರಗಳಲ್ಲಿ ಒಂದು ಮೆತ್ತಗಿದ್ದರೆ ಅದರ ಭಾರವೂ ಜೊತೆಯದರ ಮೇಲೆ ಬಿದ್ದು, ಅದು ಕಾದು ಒಡೆಯುತ್ತದೆ. ಹಾಗಾಗಿ ಮಾಪಕ ಹಿಡಿದೇ ನೋಡಬೇಕು. ಓಡದೆ ಕುಳಿತ ರಬ್ಬರಿಗೂ ಮುಪ್ಪು ಬರುತ್ತದೆಂಬುದನ್ನು ಬಹಳ ಜನ ನಂಬುವುದಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳನ್ನು ಒತ್ತಿರುತ್ತಾರೆ. 3223 ಎಂದಿದ್ದರೆ 2023ನೆಯ ಇಸವಿಯ 32ನೆಯ ವಾರದಲ್ಲಿ ತಯಾರಾದುದೆಂದು ಅರ್ಥ.

ಚಕ್ರ ಬದಲಿಸುವಾಗ ಗಟ್ಟಿ ನೆಲ ಬೇಕು, ಉಳಿದ ಚಕ್ರಗಳಿಗೆ ಅಡ್ಡಗಲ್ಲು ಬೇಕು. ನಟ್ಟುಗಳನ್ನು ಜಾಕಿ ಏರಿಸುವ ಮೊದಲೇ ಸಡಿಲಿಸಬೇಕು. ಬಿಗಿಯುವಾಗ ಸಾಲಾಗಿ ಬಿಗಿಯದೆ, ಒಂದರ ನಂತರ ಅದರ ಎದುರಿನದು ಎಂಬಂತೆ ಬಿಗಿಯಬೇಕು. ಸುಮಾರು 50 ಕಿಲೋಮೀಟರು ಹೋದಮೇಲೆ ನಿಲ್ಲಿಸಿ ಮತ್ತೊಮ್ಮೆ ಪಾನಾ ಹಾಕಿ ನೋಡಬೇಕು. ಆತುರದಲ್ಲಿ ಎಲ್ಲರೂ ಬಿಡುವುದು ಇದನ್ನೇ.

ಪ್ರಾಣಕ್ಕೆ ಸಂಚಕಾರ ತರುವಂಥದು ಬೇರೊಂದುಂಟು. ಟ್ಯೂಬು ಹಾಕುವ ಹಲವು ಲಾರಿ ಚಕ್ರಗಳಲ್ಲಿ ಟೈರನ್ನು ಹಿಡಿದಿಡುವುದು ಲಾಕ್ ರಿಂಗ್ ಎಂಬ ಉಕ್ಕಿನ ಬಳೆ. ಅದು ತನ್ನ ಕಚ್ಚಿನಲ್ಲಿ ಸರಿಯಾಗಿ ಕೂರದಿದ್ದರೆ, ಗಾಳಿ ಏರುತ್ತಿದ್ದಂತೆ ಸಿಡಿದು ಹಾರುತ್ತದೆ. ಬಗ್ಗಿ ನಿಂತವನು ಬದುಕುವುದು ಕಷ್ಟ. ಆದ್ದರಿಂದ ಗಾಳಿ ತುಂಬುವಾಗ ಚಕ್ರವನ್ನು ಕಬ್ಬಿಣದ ಪಂಜರದೊಳಗಿಟ್ಟು, ಉದ್ದನೆಯ ಕೊಳವೆ ಜೋಡಿಸಿ, ಮನುಷ್ಯ ಪಕ್ಕಕ್ಕೆ ದೂರ ನಿಲ್ಲಬೇಕು. ಗಾಳಿಯಿಲ್ಲದೆ ಓಡಿದ ಟೈರಿನ ಒಳಮೈ ನುಜ್ಜಾಗಿರುತ್ತದೆ. ಬಿಚ್ಚಿ ನೋಡದೆ ಅದಕ್ಕೆ ಮತ್ತೆ ಗಾಳಿ ಹಾಕುವುದೂ ಅಷ್ಟೇ ಅಪಾಯ. ಪಂಜರವಿಲ್ಲದ ಅಂಗಡಿಯಲ್ಲಿ ಆ ಕೆಲಸ ಮಾಡಿಸಬೇಡಿರೆಂದು ತಮ್ಮ ಚಾಲಕನಿಗೆ ಹೊರಡುವ ಮುನ್ನ ಹೇಳಿ ಕಳುಹಿಸಿರಿ.